ದಮ್ಮಿನವರು ಎಷ್ಟು ಮಾಡಬಲ್ಲರು? ಹೇಳಬೇಕಾದವರು ಯಾರು?



ಹಳೆಯ ದಮ್ಮಿನ ರೋಗ ಹಿಡಿದವರ ವಿಷಯದಲ್ಲಿ ನಮ್ಮ ಲೈನುಗಳಲ್ಲಿ ಎರಡು ತೀರ್ಪುಗಳು ನಡೆಯುತ್ತವೆ. ಒಂದು ಮನೆಯವರ ತೀರ್ಪು: "ಅಪ್ಪನಿಗೆ ದಮ್ಮು, ಅವರ ಕೈಲಿ ಏನೂ ಆಗೋದಿಲ್ಲ, ಮೂಲೆಯಲ್ಲಿ ಸುಮ್ಮನೆ ಕೂತಿರಲಿ." ಇನ್ನೊಂದು ತೋಟದವರ ತೀರ್ಪು: "ಭಾನುವಾರ ಪೂಜೆಗೆ ನಡೆದು ಹೋಗುವವನಿಗೆ ಸೋಮವಾರ ಪೂರಾ ಕೆಲಸ ಮಾಡೋಕೆ ಏನು ಕಷ್ಟ?" ಒಂದು ಪ್ರೀತಿಯಿಂದ ಬಂದದ್ದು, ಇನ್ನೊಂದು ಲೆಕ್ಕದಿಂದ ಬಂದದ್ದು. ಆದರೆ ಎರಡೂ ಬರೀ ಊಹೆ. ರೋಗಿಯನ್ನು ಕೇಳದೆ, ಅಳೆಯದೆ, ನಡೆಸಿ ನೋಡದೆ ಮಾಡಿದ ಊಹೆ. ಈ ಎರಡು ಊಹೆಗಳ ನಡುವೆ ಸಿಕ್ಕಿ ನಮ್ಮ ಅಣ್ಣಂದಿರೂ ಅಕ್ಕಂದಿರೂ ಹೊತ್ತಿಗೆ ಮುಂಚೆಯೇ ನೆಲ ಹಿಡಿಯುತ್ತಿದ್ದಾರೆ.

ಇದು ಡಾಕ್ಟರರಿಗೆ ಸೇರಿದ ವಿಷಯ, ನಮಗೇಕೆ ಎಂದು ಕೆಲವರು ಕೇಳಬಹುದು. ಔಷಧ ಬರೆಯುವುದು ಡಾಕ್ಟರರ ಕೆಲಸ, ನಿಜ. ಆದರೆ ದಮ್ಮಿನವರು ದಿನಕ್ಕೆ ಎಷ್ಟು ನಡೆಯಬೇಕು, ಯಾವ ಕೆಲಸ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ಮನೆಯಲ್ಲಿ, ಕೆಲಸದ ಜಾಗದಲ್ಲಿ, ಹಾಜರಿ ಪುಸ್ತಕದ ಮುಂದೆ ತೀರ್ಮಾನವಾಗುತ್ತದೆ. ಆದುದರಿಂದ ಇದು ಕುಟುಂಬಕ್ಕೂ ಸಂಘಕ್ಕೂ ಸಭೆಗೂ ಸೇರಿದ ವಿಷಯ.

ರೋಗ ಯಾವುದು, ಎಲ್ಲಿಂದ ಬಂತು

ನಾವು ದಮ್ಮು, ಉಬ್ಬಸ, ಗೂರಲು ಎಂದು ಒಟ್ಟಾಗಿ ಕರೆಯುವುದರಲ್ಲಿ ಹಲವು ರೋಗಗಳಿವೆ. ಬಂದು ಹೋಗುವ ಆಸ್ತಮಾ ಬೇರೆ. ಇಲ್ಲಿ ಹೇಳುತ್ತಿರುವುದು ವರ್ಷಗಟ್ಟಲೆ ಕೆಮ್ಮು, ಕಫ, ಏದುಸಿರು ಬಿಡದೆ ಇರುವ, ಶ್ವಾಸನಾಳಗಳು ಕಿರಿದಾಗಿ ಮತ್ತೆ ಪೂರಾ ತೆರೆಯದ ರೋಗ. ಡಾಕ್ಟರರು ಇದನ್ನು ಸಿ.ಒ.ಪಿ.ಡಿ. ಎನ್ನುತ್ತಾರೆ. ಒಳಗೆ ಎಳೆದ ಗಾಳಿ ಪೂರಾ ಹೊರಗೆ ಹೋಗದೆ ಎದೆಯಲ್ಲಿ ಉಳಿದುಬಿಡುತ್ತದೆ. ಬೇಗ ಬೇಗ ನಡೆದಾಗ ಅದು ಇನ್ನೂ ಹೆಚ್ಚಾಗಿ ತುಂಬಿಕೊಂಡು, ಹೊಸ ಗಾಳಿಗೆ ಜಾಗ ಇಲ್ಲದಂತಾಗುತ್ತದೆ. ಏರು ಹತ್ತುವಾಗ "ಎದೆ ಕಟ್ಟಿಕೊಂಡಿತು" ಎಂದು ನಮ್ಮವರು ಹೇಳುವುದು ಇದನ್ನೇ.

ದೇಶದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಜನರಿಗೆ ಇದ್ದ ಈ ರೋಗ 2016ರ ಹೊತ್ತಿಗೆ ಸುಮಾರು 5.5 ಕೋಟಿ ಜನರಿಗೆ ಬಂದಿತ್ತೆಂದು 2018ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಲೆಕ್ಕ ಹೇಳುತ್ತದೆ. ಬೀಡಿ ಸೇದುವವರಿಗೆ ಮಾತ್ರ ಬರುವ ರೋಗವೆಂದು ನಮ್ಮಲ್ಲಿ ನಂಬಿಕೆ. ಅದೇ ಲೆಕ್ಕದ ಪ್ರಕಾರ ಈ ರೋಗದಿಂದಾದ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ನೂರಕ್ಕೆ 53ರಷ್ಟು ಪಾಲು, ಮನೆಯ ಹೊಗೆ ಮತ್ತು ಹೊರಗಿನ ಕೆಟ್ಟ ಗಾಳಿಗೆ ಸೇರಿದ್ದು. ಹೊಗೆಸೊಪ್ಪಿನದು ಸುಮಾರು 25. ಕೆಲಸದ ಜಾಗದ ಧೂಳು, ಹೊಗೆಯದು ಸುಮಾರು 16. ಒಂದು ಬೀಡಿಯನ್ನೂ ಮುಟ್ಟದ ನಮ್ಮ ತಾಯಂದಿರು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ಈ ರೋಗ ತಂದುಕೊಂಡಿದ್ದಾರೆ. ಲೈನ್ ಮನೆಯ ಅಡುಗೆಮೂಲೆಗೆ ಹೊಗೆಗಂಡಿ ಸಾಲದು. ಮಳೆಗಾಲದಲ್ಲಿ ಸೌದೆ ಹಸಿ. ಹಿಂದೆ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಉಳಿದ ಗಾಯವೂ ಇಂಥದೇ ದಮ್ಮಿಗೆ ಕಾರಣವಾಗುತ್ತದೆ. ಸೇಲಂ ಬಳಿಯ ಮ್ಯಾಗ್ನಸೈಟ್ ಗಣಿ, ಕೃಷ್ಣಗಿರಿ ಕಡೆಯ ಕಲ್ಲುಗಣಿಗಳಲ್ಲಿ ದುಡಿದು ಆಮೇಲೆ ತೋಟಕ್ಕೆ ಬಂದವರ ಎದೆಯಲ್ಲಿ ಆ ಧೂಳು ಇರಬಹುದು. ಔಷಧ ಹೊಡೆಯುವವರೂ ಎಚ್ಚರವಾಗಿರಬೇಕು. ನಮ್ಮ ಕಾಫಿಗೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣವನ್ನೇ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಹೊಡೆದ ಪೋರ್ಚುಗಲ್ ದೇಶದ ಕೂಲಿಗಳ ಶ್ವಾಸಕೋಶ ಕೆಟ್ಟಿದ್ದನ್ನು ಅಲ್ಲಿನ ಡಾಕ್ಟರರು 1969ರಲ್ಲೇ ಬರೆದಿಟ್ಟಿದ್ದಾರೆ.

ಊದುವ ಯಂತ್ರ ಎಷ್ಟು ಹೇಳುತ್ತದೆ

ದೊಡ್ಡ ಆಸ್ಪತ್ರೆಗೆ ಹೋದರೆ ಒಂದು ಕೊಳವೆಯಲ್ಲಿ ಜೋರಾಗಿ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಅದು ತೋರಿಸುತ್ತದೆ. ರೋಗ ಇದೆಯೇ ಇಲ್ಲವೇ ಎಂದು ತಿಳಿಯಲು ಈ ಪರೀಕ್ಷೆ ಬೇಕೇ ಬೇಕು. ಆದರೆ ಆ ಮನುಷ್ಯ ದಿನವೂ ಎಷ್ಟು ಓಡಾಡುತ್ತಾನೆ, ನಾಳೆ ಎಷ್ಟು ಓಡಾಡುವನು ಎಂದು ಆ ಅಂಕಿಯಿಂದ ಹೇಳಲಾಗುವುದಿಲ್ಲ.

ಇದನ್ನು ಅಳತೆ ಮಾಡಿ ನೋಡಿದವರಿದ್ದಾರೆ. ಬೆಲ್ಜಿಯಂ ದೇಶದ ಲೂವೆನ್ ಊರಿನ ಡಾಕ್ಟರರು ಈ ರೋಗದ 50 ಮಂದಿಗೂ ಆರೋಗ್ಯವಾಗಿದ್ದ 25 ಮಂದಿ ವಯಸ್ಸಾದವರಿಗೂ ಚಲನೆ ಅಳೆಯುವ ಯಂತ್ರ ಕಟ್ಟಿ ನೋಡಿ 2005ರಲ್ಲಿ ಪ್ರಕಟಿಸಿದರು. ಆರೋಗ್ಯವಂತರು ದಿನಕ್ಕೆ ಸರಾಸರಿ 81 ನಿಮಿಷ ನಡೆದರೆ ರೋಗಿಗಳು 44 ನಿಮಿಷ ನಡೆದರು. ಊದುವ ಯಂತ್ರದ ಅಂಕಿಗೂ ನಡೆದ ನಿಮಿಷಗಳಿಗೂ ಇದ್ದ ಸಂಬಂಧ ಸ್ವಲ್ಪವೇ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬ ಸಾದಾ ಪರೀಕ್ಷೆಗೂ ದಿನದ ನಡಿಗೆಗೂ ಇದ್ದ ಸಂಬಂಧವೇ ಬಲವಾಗಿತ್ತು. ಒಂದೇ ಅಂಕಿ ಬಂದ ಇಬ್ಬರಲ್ಲಿ ಒಬ್ಬರು ಮಾರುಕಟ್ಟೆಗೆ ಹೋಗಿಬರುತ್ತಾರೆ, ಇನ್ನೊಬ್ಬರು ಚಾಪೆ ಬಿಟ್ಟು ಏಳುವುದಿಲ್ಲ. ಇಂಥ ಇಬ್ಬರನ್ನು ನಾವೆಲ್ಲರೂ ಕಂಡಿದ್ದೇವೆ.

ಆರು ನಿಮಿಷದ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಮಟ್ಟವಾದ 30 ಮೀಟರ್ ಜಾಗ, ಒಂದು ಗಡಿಯಾರ, ಪಕ್ಕದಲ್ಲಿ ತಿಳಿದ ನರ್ಸು ಅಥವಾ ಡಾಕ್ಟರು ಇದ್ದರೆ ಸಾಕು. ರೋಗಿ ತನ್ನ ನಡಿಗೆಯಲ್ಲಿ ಹೋಗಿ ಬಂದು ಮಾಡುತ್ತಾನೆ. ದಣಿದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ನಡೆದ ಮೀಟರುಗಳನ್ನು ಬರೆದಿಡುತ್ತಾರೆ. ಮುಂದಿನ ಸಲ 30 ಮೀಟರ್ ಹೆಚ್ಚಿದರೆ ನಿಜವಾದ ಏಳಿಗೆ, ಅಷ್ಟೇ ಕಡಿಮೆಯಾದರೆ ನಿಜವಾದ ಇಳಿತ ಎಂದು ಲೆಕ್ಕ. 2004ರಲ್ಲಿ ಹಲವು ದೇಶಗಳ ಡಾಕ್ಟರರು ಸೇರಿ ಮೈತೂಕ, ಊದುವ ಅಂಕಿ, ಏದುಸಿರಿನ ಮಟ್ಟ, ಆರು ನಿಮಿಷದ ನಡಿಗೆ ಈ ನಾಲ್ಕನ್ನೂ ಕೂಡಿಸಿ ನೋಡಿದಾಗ ರೋಗಿಯ ಮುಂದಿನ ದಿನಗಳನ್ನು ಊದುವ ಅಂಕಿ ಒಂದಕ್ಕಿಂತ ಚೆನ್ನಾಗಿ ಹೇಳಬಹುದೆಂದು ಕಂಡಿತು.

ಗಣಿ ಕೆಲಸಗಾರರಿಂದ ಬಂದ ಪ್ರಶ್ನೆಗಳು

ಏದುಸಿರಿನ ಮಟ್ಟವನ್ನು ಐದು ಮೆಟ್ಟಿಲಾಗಿ ಕೇಳುವ ಪ್ರಶ್ನೆಗಳಿವೆ. ಈ ಪ್ರಶ್ನೆಗಳು ಹುಟ್ಟಿದ್ದು ಬ್ರಿಟನ್ನಿನ ವೇಲ್ಸ್ ಸೀಮೆಯ ಕಲ್ಲಿದ್ದಲು ಗಣಿ ಕೆಲಸಗಾರರ ಎದೆಯ ರೋಗವನ್ನು ಪರೀಕ್ಷಿಸುವಾಗ. 1940, 50ರ ದಶಕಗಳಲ್ಲಿ ಚಾರ್ಲ್ಸ್ ಫ್ಲೆಚರ್ ಎಂಬ ಡಾಕ್ಟರರೂ ಅವರ ಜೊತೆಯವರೂ ಗಣಿ ಕೆಲಸಗಾರರನ್ನೇ ಕೇಳಿ ಕೇಳಿ ಇವನ್ನು ರೂಪಿಸಿದರು. ದುಡಿಯುವವನ ಮಾತಿಗೆ ವಿಜ್ಞಾನದಲ್ಲಿ ಬೆಲೆ ಸಿಕ್ಕಿದ ಒಳ್ಳೆಯ ಉದಾಹರಣೆ ಇದು.

ಮೊದಲ ಮೆಟ್ಟಿಲು: ಬಹಳ ಕಷ್ಟದ ಕೆಲಸದಲ್ಲಿ ಮಾತ್ರ ಏದುಸಿರು. ಎರಡನೆಯದು: ಬೇಗ ನಡೆದಾಗ ಅಥವಾ ಸಣ್ಣ ಏರು ಹತ್ತಿದಾಗ. ಮೂರನೆಯದು: ಮಟ್ಟ ನೆಲದಲ್ಲೇ ಒಂದೇ ವಯಸ್ಸಿನವರಿಗಿಂತ ಹಿಂದೆ ಬೀಳುವುದು, ಇಲ್ಲವೆ ತನ್ನ ನಡಿಗೆಯಲ್ಲೇ ಹೋದರೂ ನಿಂತು ಉಸಿರು ತೆಗೆದುಕೊಳ್ಳುವುದು. ನಾಲ್ಕನೆಯದು: ಮಟ್ಟ ನೆಲದಲ್ಲಿ ಸುಮಾರು 100 ಮೀಟರಿಗೇ ನಿಲ್ಲಬೇಕಾಗುವುದು. ಐದನೆಯದು: ಮನೆ ಬಿಟ್ಟು ಹೊರಡಲಾಗದೆ, ಬಟ್ಟೆ ಹಾಕಿಕೊಳ್ಳುವಾಗಲೂ ದಮ್ಮು ಬರುವುದು.

ಆದರೆ ಒಂದು ತೊಡಕಿದೆ. ಏರ್ಕಾಡಿನ ತೋಟಗಳಲ್ಲಿ ಮಟ್ಟ ನೆಲ ಎಲ್ಲಿದೆ? ಸುಮಾರು 1,500 ಮೀಟರ್ ಎತ್ತರದ ಬೆಟ್ಟದಲ್ಲಿ ಲೈನಿನಿಂದ ನಲ್ಲಿಗೆ ಏರು, ಕೆಲಸದ ಜಾಗಕ್ಕೆ ಇಳಿಜಾರು, ಹಣ್ಣು ತುಂಬಿದ ಚೀಲ ಹೊತ್ತು ತೂಕದ ಜಾಗಕ್ಕೆ ಮತ್ತೆ ಏರು. ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಕೊಯ್ಲಿಗೆ ಹೋಗುವ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಜನರಿಗೂ ಇದೇ ಪಾಡು. ಸೇಲಂ ಆಸ್ಪತ್ರೆಯ ಮಟ್ಟವಾದ ವರಾಂಡದಲ್ಲಿ ನಿಂತು "ಚೆನ್ನಾಗಿ ನಡೀತೀನಿ ಸಾರ್" ಎಂದವರು ಬೆಟ್ಟ ಹತ್ತಿದ ಮೇಲೆ ನಡೆಯಲಾರರು. ಆದ್ದರಿಂದ ಡಾಕ್ಟರರ ಮುಂದೆ ಹೇಳುವಾಗ ನಮ್ಮ ನೆಲದ ಲೆಕ್ಕದಲ್ಲೇ ಹೇಳಬೇಕು: ನಲ್ಲಿಯಿಂದ ಮನೆಗೆ ಒಂದು ಬಿಂದಿಗೆ ತರಲು ಎಷ್ಟು ಸಲ ನಿಲ್ಲುತ್ತೇನೆ? ಚೀಲ ಹೊತ್ತಾಗ ಎಷ್ಟು ಹೆಜ್ಜೆಗೆ ದಮ್ಮು ಕಟ್ಟುತ್ತದೆ? ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಿದೆ? ಹೀಗೆ ಹೇಳಿದರೆ ಡಾಕ್ಟರರಿಗೂ ಸರಿಯಾದ ಅಂದಾಜು ಸಿಗುತ್ತದೆ.

ಎದೆಯ ಹೊರಗಿನ ಕಾರಣಗಳು

ದಮ್ಮಿನವರು ಎಷ್ಟು ಓಡಾಡುವರು ಎಂಬುದನ್ನು ತೀರ್ಮಾನಿಸುವ ಕಾರಣಗಳಲ್ಲಿ ಎಷ್ಟೋ ಎದೆಯ ಹೊರಗೇ ಇವೆ. ಮೊದಲನೆಯದು ಭಯ. ಒಂದು ಸಲ ದಾರಿಯಲ್ಲಿ ಉಸಿರು ಕಟ್ಟಿ ಕುಸಿದವರಿಗೆ ಮುಂದಿನ ಹೆಜ್ಜೆಯೇ ಭಯ. ಎರಡನೆಯದು ಮನಸ್ಸಿನ ಕುಗ್ಗು: ಯಾರಿಗೂ ಬೇಡವಾದೆನೆಂಬ ದುಃಖ. ಮೂರನೆಯದು ಹವೆ. ಚಳಿ, ಮಳೆ ಇರುವ ದಿನ ರೋಗಿಗಳು ಕಡಿಮೆ ನಡೆಯುತ್ತಾರೆಂದು ಲಂಡನ್ನಿನಲ್ಲಿ ಕಂಡಿದ್ದಾರೆ. ನಮ್ಮಲ್ಲಿ ಕಾಫಿ ಕೊಯ್ಲು ಬರುವುದೇ ಮಂಜು, ಚಳಿಯ ತಿಂಗಳುಗಳಲ್ಲಿ! ನಾಲ್ಕನೆಯದು ರೋಗ ಕೆರಳುವುದು. ಕೆರಳಿ ಆಸ್ಪತ್ರೆ ಸೇರಿ ಬಂದವರು ಒಂದು ತಿಂಗಳಾದ ಮೇಲೂ ಹಿಂದಿನಂತೆ ಓಡಾಡುವುದಿಲ್ಲ. ಆ ತಿಂಗಳಲ್ಲಿ ಎಬ್ಬಿಸಿ ನಡೆಸದಿದ್ದರೆ ಮುಂದೆ ಅವರು ಕುಳಿತೇ ಬಿಡುತ್ತಾರೆ.

ಐದನೆಯ ಕಾರಣ ನಮಗೆ ಸಂತೋಷ ತರುವಂಥದು. ಸ್ಪೇನ್ ದೇಶದ ಬಾರ್ಸಿಲೋನಾ ಸೀಮೆಯಲ್ಲಿ ಈ ರೋಗದ 400ಕ್ಕೂ ಹೆಚ್ಚು ಮಂದಿಯನ್ನು ಗಮನಿಸಿ 2017ರಲ್ಲಿ ಒಂದು ವಿಷಯ ಪ್ರಕಟಿಸಿದರು: ನಾಯಿಯನ್ನು ನಡೆಸಿಕೊಂಡು ಹೋಗುವವರು, ಮೊಮ್ಮಕ್ಕಳನ್ನು ನೋಡಿಕೊಳ್ಳುವವರು ಉಳಿದವರಿಗಿಂತ ಹೆಚ್ಚು ಓಡಾಡುತ್ತಿದ್ದರು. ಅಂದರೆ ಯಾರಿಗಾದರೂ ತನ್ನಿಂದ ಕೆಲಸವಿದೆ, ತನ್ನನ್ನು ಕಾದು ಒಬ್ಬರಿದ್ದಾರೆ ಎಂಬ ತಿಳಿವಳಿಕೆ ಮನುಷ್ಯನನ್ನು ಎಬ್ಬಿಸುತ್ತದೆ. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸಿದರೆ ನಡೆಯುವ ಶಕ್ತಿ ಹೆಚ್ಚುತ್ತದೆ. ಆದರೆ ಮನೆಗೆ ಬಂದ ಮೇಲೆ ದಿನದ ನಡಿಗೆ ತಾನಾಗಿ ಹೆಚ್ಚುವುದಿಲ್ಲ ಎಂಬುದೂ ಹಲವು ಕಡೆ ಕಂಡ ಮಾತು. ಶಕ್ತಿ ಬಂದರೆ ಸಾಲದು, ಎದ್ದು ಹೊರಡಲು ಒಂದು ನೆಪ ಬೇಕು, ಜೊತೆ ಬೇಕು. ಅದನ್ನು ಕೊಡಬೇಕಾದವರು ಮನೆಯವರು, ನೆರೆಯವರು.

ಕುಳಿತರೆ ಏನಾಗುತ್ತದೆ

"ಪಾಪ, ಕೂತಿರಲಿ" ಎಂಬ ಮಾತು ಏಕೆ ಅಪಾಯ? ಕುಳಿತವನ ಕಾಲಿನ ಮಾಂಸ ಕರಗುತ್ತದೆ. ಬಲ ಕಳೆದ ಕಾಲು ಅದೇ ದೂರಕ್ಕೆ ಹೆಚ್ಚು ಉಸಿರು ಕೇಳುತ್ತದೆ. ಆಗ ಏದುಸಿರು ಹೆಚ್ಚುತ್ತದೆ. ಏದುಸಿರಿಗೆ ಹೆದರಿ ಇನ್ನೂ ಹೆಚ್ಚು ಕುಳಿತುಕೊಳ್ಳುತ್ತಾನೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ, ಒಂದೊಂದು ಸುತ್ತಿಗೂ ಮನುಷ್ಯ ಇಳಿಯುತ್ತಾನೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಈ ರೋಗವಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2006ರಲ್ಲಿ ಕಂಡುಕೊಂಡರು: ವಾರಕ್ಕೆ ಎರಡು ಗಂಟೆಯಷ್ಟಾದರೂ ನಡೆಯುವ ಅಥವಾ ಸೈಕಲ್ ತುಳಿಯುವವರಲ್ಲಿ ಈ ರೋಗಕ್ಕಾಗಿ ಆಸ್ಪತ್ರೆ ಸೇರುವುದೂ ಉಸಿರಾಟದ ರೋಗದಿಂದ ಸಾಯುವುದೂ ನೂರಕ್ಕೆ 30ರಿಂದ 40ರಷ್ಟು ಕಡಿಮೆ. 2011ರಲ್ಲಿ ಜರ್ಮನಿಯಿಂದ ಬಂದ ಇನ್ನೊಂದು ವರದಿಯಲ್ಲಿ 170 ಮಂದಿ ರೋಗಿಗಳನ್ನು ನಾಲ್ಕು ವರ್ಷ ನೋಡಿದಾಗ ಯಾರು ಬದುಕುಳಿಯುವರೆಂದು ಹೇಳುವುದರಲ್ಲಿ ದಿನದ ಓಡಾಟವೇ ಬೇರೆಲ್ಲ ಅಳತೆಗಳಿಗಿಂತ ಮುಂದಿತ್ತು. ಹೆಚ್ಚು ರೋಗವಿದ್ದವರು ಮೊದಲೇ ಕಡಿಮೆ ಓಡಾಡುತ್ತಾರೆ ಎಂಬುದೂ ಇದರಲ್ಲಿ ಸ್ವಲ್ಪ ಸೇರಿರುತ್ತದೆ. ನಡೆದರೆ ಸಾವೇ ಬಾರದು ಎಂದು ನಾನು ಹೇಳುತ್ತಿಲ್ಲ. ಆದರೂ ದಿನಕ್ಕೆ ಹದಿನೈದು, ಇಪ್ಪತ್ತು ನಿಮಿಷ ಮೆಲ್ಲಗೆ ನಡೆಯುವುದಕ್ಕೆ ಖರ್ಚಿಲ್ಲ, ಕುಳಿತಿರುವುದಕ್ಕೆ ಖರ್ಚಿದೆ.

ನಾಲ್ಕು ಬಗೆಯ ಜನ, ನಮ್ಮವರು ನಾಲ್ಕನೆಯವರು

ಹಾಲೆಂಡ್ ದೇಶದ ಡಾಕ್ಟರರು ಈ ರೋಗಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮಾಡಲು ಆಗುತ್ತದೆ, ಮಾಡುತ್ತಾರೆ. ಮಾಡಲು ಆಗುತ್ತದೆ, ಮಾಡುವುದಿಲ್ಲ. ಮಾಡಲು ಆಗುವುದಿಲ್ಲ, ಮಾಡುವುದೂ ಇಲ್ಲ. ಮಾಡಲು ಆಗುವುದಿಲ್ಲ, ಆದರೂ ಮಾಡುತ್ತಾರೆ. ಎರಡನೆಯ ಬಗೆಯವರಿಗೆ ಧೈರ್ಯ ಮತ್ತು ಜೊತೆ ಬೇಕು. ಮೂರನೆಯ ಬಗೆಯವರಿಗೆ ಮೊದಲು ಔಷಧ, ವ್ಯಾಯಾಮದಿಂದ ಶಕ್ತಿ ಬೇಕು. ಒಂದೇ ಮಾತ್ರೆ ಎಲ್ಲರಿಗೂ ಆಗದು ಎಂಬುದು ಇದರ ಸಾರ.

ನಾಲ್ಕನೆಯ ಬಗೆಯನ್ನು ಓದುವಾಗ ನನಗೆ ನಮ್ಮ ಲೈನುಗಳೇ ಕಣ್ಣ ಮುಂದೆ ಬಂದವು. ಪಿಂಚಣಿ ಇರುವ ದೇಶದಲ್ಲಿ ಆಗದವನು ಕುಳಿತುಕೊಳ್ಳಬಹುದು. ಇಲ್ಲಿ ಹಾಜರಿ ಬೀಳದಿದ್ದರೆ ಆ ದಿನದ ಕೂಲಿ ಇಲ್ಲ. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವವಳು ನಿಂತು ಉಸಿರು ತೆಗೆದುಕೊಂಡ ಪ್ರತಿ ನಿಮಿಷಕ್ಕೂ ಕಾಸು ಕಡಿಮೆ. ಆದ್ದರಿಂದ ಆಗದಿದ್ದರೂ ಮಾಡುತ್ತಾರೆ. ತುಟಿ ಕಪ್ಪಾದರೂ ಮಾಡುತ್ತಾರೆ. ಇವರ ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿದರೆ "ಬಹಳ ಚಟುವಟಿಕೆಯ ಮನುಷ್ಯ" ಎಂದು ಅದು ಬರೆದುಕೊಳ್ಳುತ್ತದೆ. ಯಂತ್ರಕ್ಕೆ ಹೆಜ್ಜೆ ಕಾಣುತ್ತದೆ, ಹಸಿವು ಕಾಣುವುದಿಲ್ಲ. ತಾನಾಗಿ ಇಷ್ಟಪಟ್ಟು ನಡೆಯುವ ನಡಿಗೆ ಬೇರೆ, ಹೊರೆ ಹೊತ್ತು ನಿಲ್ಲಲು ಬಿಡದ ನಡಿಗೆ ಬೇರೆ.

ವಿಮೋಚನಕಾಂಡದಲ್ಲಿ ಫರೋಹನ ಮೇಲ್ವಿಚಾರಕರು ಏನು ಮಾಡಿದರೆಂದು ನಮಗೆ ಗೊತ್ತಿದೆ. ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಕಡಿಮೆ ಮಾಡದೆ ಕೇಳಿದರು. ಉಸಿರು ಕಡಿಮೆಯಾದವನಿಂದ ಹಿಂದಿನಷ್ಟೇ ತೂಕ ಕೇಳುವುದು ಅದೇ ಲೆಕ್ಕ. ಆ ಕೂಗನ್ನು ಕೇಳಿದ ದೇವರು ಈ ಏದುಸಿರನ್ನೂ ಕೇಳುತ್ತಾನೆಂದು ನಾವು ನಂಬುತ್ತೇವೆ. ಆದರೆ ಆತನು ಆಗಲೂ ಮೋಶೆಯೆಂಬ ಒಬ್ಬ ಮನುಷ್ಯನನ್ನು ಕಳುಹಿಸಿಯೇ ಕೆಲಸ ಮಾಡಿಸಿದನು.

ಹೆಂಗಸರ ದುಡಿಮೆಯ ಲೆಕ್ಕ

ಡಾಕ್ಟರರು "ದಿನಕ್ಕೆ ಎಷ್ಟು ನಡೆಯುತ್ತೀರಿ?" ಎಂದು ಕೇಳಿದರೆ ನಮ್ಮ ಹೆಂಗಸರು "ಎಲ್ಲೂ ಹೋಗಲ್ಲ ಸಾಮಿ, ಮನೇಲೇ ಇರ್ತೀನಿ" ಎನ್ನುತ್ತಾರೆ. ಆ ಮನೆಯಲ್ಲೇ ಇರುವುದರಲ್ಲಿ ಎಷ್ಟು ಬಿಂದಿಗೆ ನೀರು, ಎಷ್ಟು ಹೊರೆ ಸೌದೆ, ಎಷ್ಟು ಬಟ್ಟೆ ಒಗೆತ, ಎಷ್ಟು ಹಿಟ್ಟು ರುಬ್ಬಿದ್ದು ಇದೆಯೆಂದು ಅವರು ಹೇಳುವುದಿಲ್ಲ. ಇದರಿಂದ ಅಂದಾಜು ತಪ್ಪುತ್ತದೆ. ಕೈ ಮೇಲೆತ್ತಿ ಮಾಡುವ ಕೆಲಸ, ಬಗ್ಗಿ ಮಾಡುವ ಕೆಲಸ ದಮ್ಮಿನವರಿಗೆ ನಡಿಗೆಗಿಂತಲೂ ಕಷ್ಟ. ಅದರ ಮೇಲೆ ಒಲೆಯ ಹೊಗೆ. ದಮ್ಮಿನ ತಾಯಿಗೆ ನಡಿಗೆ ಬೇಕು, ಆದರೆ ಅದಕ್ಕೂ ಮೊದಲು ಆಕೆಯನ್ನು ಹೊಗೆಯಿಂದ ಬಿಡಿಸಬೇಕು. ಮನೆಯಲ್ಲಿ ಗ್ಯಾಸ್ ಇದ್ದೂ "ನೆಂಟರು ಬಂದಾಗ ಇರಲಿ" ಎಂದು ಮುಚ್ಚಿಡುವುದುಂಟು. ದಮ್ಮಿನವರಿರುವ ಮನೆಯಲ್ಲಿ ಆ ಉಳಿತಾಯ ಉಳಿತಾಯವಲ್ಲ. ಸೌದೆಯಲ್ಲೇ ಅಡುಗೆ ಮಾಡಬೇಕಾದರೆ ಒಲೆಯನ್ನು ಜಗಲಿಗೆ ತನ್ನಿ, ಗಂಡುಮಕ್ಕಳೂ ಸರದಿಯಂತೆ ಒಲೆ ಮುಂದೆ ಕುಳಿತುಕೊಳ್ಳಲಿ.

ಎರಡು ಆಕ್ಷೇಪಣೆಗಳು

"ದಮ್ಮಿನವರು ನಡೆಯಬೇಕು ಎಂದು ನೀವೇ ಬರೆದರೆ, ತೋಟದವರು ಅದನ್ನೇ ಹಿಡಿದುಕೊಂಡು ಪೂರಾ ಕೆಲಸ ಕೇಳುವುದಿಲ್ಲವೇ?" ಎಂದು ಸಂಘದ ಗೆಳೆಯರು ಕೇಳುತ್ತಾರೆ. ಇದು ಹುರುಳಿಲ್ಲದ ಭಯವಲ್ಲ. ಆದರೆ ಇದಕ್ಕೆ ಉತ್ತರ ರೋಗಿಯನ್ನು ಕೂರಿಸುವುದಲ್ಲ. ಅಳತೆಯನ್ನು ಬರಹದಲ್ಲಿ ಇಡುವುದು. ಆರು ನಿಮಿಷದ ನಡಿಗೆ ಇಷ್ಟು, ಏದುಸಿರಿನ ಮೆಟ್ಟಿಲು ಇದು, ಏರು ಹತ್ತಿ ಹೊರೆ ಹೊರಬಾರದು, ಮಟ್ಟದ ಜಾಗದಲ್ಲಿ ಕುಳಿತು ನಿಂತು ಮಾಡುವ ಕೆಲಸ ಆಗಬಹುದು ಎಂದು ಡಾಕ್ಟರರ ಚೀಟಿ ಇದ್ದರೆ ಮೇಸ್ತ್ರಿಯ ಊಹೆಗೆ ಜಾಗವಿಲ್ಲ. ಅಳತೆ ಇಲ್ಲದ ಕಡೆಯಲ್ಲೇ ಊಹೆ ಆಳುತ್ತದೆ.

ಇನ್ನೊಂದು ಕಡೆಯಿಂದ, "ಹಗುರ ಕೆಲಸ ಎಂದರೆ ಎಲ್ಲರೂ ದಮ್ಮೆಂದು ನಟಿಸುತ್ತಾರೆ" ಎಂದು ಮೇಲಿನವರು ಹೇಳುತ್ತಾರೆ. ಊದುವ ಯಂತ್ರವನ್ನೂ ಆರು ನಿಮಿಷದ ನಡಿಗೆಯನ್ನೂ ಕ್ರಮವಾಗಿ ಮಾಡಿಸಿದರೆ ನಟನೆ ತಿಳಿಯಲು ಕಷ್ಟವಿಲ್ಲ. ಪರೀಕ್ಷೆಯನ್ನೇ ಮಾಡಿಸದೆ ನಟನೆ ಎನ್ನುವುದು ನ್ಯಾಯವಲ್ಲ. ತೋಟದಲ್ಲಿ ಹಗುರ ಕೆಲಸಕ್ಕೆ ಕೊರತೆಯೂ ಇಲ್ಲ: ನರ್ಸರಿಯಲ್ಲಿ ಸಸಿಗೆ ನೀರು ಹಾಕುವುದು, ಹಣ್ಣಿನಲ್ಲಿ ಹಸಿರು ಕಾಯಿ ಆರಿಸುವುದು, ಕಾವಲು, ಮಕ್ಕಳ ಮನೆಯಲ್ಲಿ ಸಹಾಯ. ಧೂಳು ಹಾರುವ ಒಣ ಕಾಫಿಯ ಕೆಲಸ, ಔಷಧ ಹೊಡೆಯುವುದು, ಕಸ ಸುಡುವುದು ಮಾತ್ರ ದಮ್ಮಿನವರಿಗೆ ಕೂಡದು.

ಮಾಡಬೇಕಾದದ್ದು

ಮನೆಯವರಿಗೆ: ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಕ್ಷಯದ ಪರೀಕ್ಷೆ, ಔಷಧ ಅಲ್ಲಿ ಉಚಿತ. ದಮ್ಮಿನ ರೋಗವೆಂದು ತಿಳಿದ ಮೇಲೆ ಡಾಕ್ಟರರನ್ನು ಕೇಳಿ ನಡಿಗೆ ಆರಂಭಿಸಿ. ಒಬ್ಬರನ್ನೇ ಕಳಿಸಬೇಡಿ, ಮೊಮ್ಮಗುವಿನ ಕೈ ಹಿಡಿಸಿ ಕಳಿಸಿ. ಬಿಸಿಲು ಏರಿ ಮಂಜು ಹರಿದ ಮೇಲೆ, ಮಟ್ಟದ ದಾರಿಯಲ್ಲಿ, ಮಾತನಾಡಿಕೊಂಡು ನಡೆಯುವಷ್ಟೇ ವೇಗ. ದಮ್ಮು ಬಂದರೆ ನಿಂತು, ಮುಂದಕ್ಕೆ ಸ್ವಲ್ಪ ಬಗ್ಗಿ ಕೈಯನ್ನು ತೊಡೆಯ ಮೇಲೋ ಗೋಡೆಯ ಮೇಲೋ ಊರಿ, ಮೂಗಿನಿಂದ ಎಳೆದು, ಸೀಟಿ ಊದುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಬೇಕು. ಸ್ವಲ್ಪ ಏದುಸಿರು ಬರುವುದು ಅಪಾಯವಲ್ಲ. ಆದರೆ ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು, ಕೂತರೂ ಇಳಿಯದ ದಮ್ಮು, ಕಫದ ಬಣ್ಣ ಬದಲಾಗಿ ಜ್ವರ ಬರುವುದು ಇವು ಕಂಡರೆ ನಡಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಎಳೆಯುವ ಔಷಧವನ್ನು ಸರಿಯಾಗಿ ಎಳೆಯುವುದನ್ನು ನರ್ಸಿನ ಮುಂದೆ ಮಾಡಿ ತೋರಿಸಿ ಕಲಿಯಿರಿ. ಬೀಡಿಯನ್ನು ಇವತ್ತೇ ಬಿಡಬೇಕು.

ಸಂಘದವರಿಗೆ: ತೋಟದಲ್ಲಿ ವೈದ್ಯ ಸೌಕರ್ಯ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾನೂನು ವಿಧಿಸಿತ್ತು. ಆ ಕಾನೂನಿನ ಸ್ಥಾನದಲ್ಲಿ ಕೆಲಸಗಾರರ ಸುರಕ್ಷತೆ, ಆರೋಗ್ಯ ಕುರಿತ 2020ರ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕಾನೂನಿನ ಹೆಸರು ಬದಲಾಯಿತೆಂದು ಹಕ್ಕು ಹೋಗಲಿಲ್ಲ. ತೋಟದ ಕೆಲಸಗಾರರ ವಸತಿ, ಆರೋಗ್ಯ ಸೌಕರ್ಯದ ಹೊಣೆ ಅದರಲ್ಲಿಯೂ ಇದೆ. ಸರ್ಕಾರ ಸೂಚಿಸುವ ವಯಸ್ಸಿನ, ವರ್ಗದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ಪರೀಕ್ಷೆ ಮಾಡಿಸಬೇಕೆಂದೂ ಇದೆ. ಆ ವಾರ್ಷಿಕ ಪರೀಕ್ಷೆಯಲ್ಲಿ ಬರೀ ರಕ್ತದೊತ್ತಡ ನೋಡಿ ಕಳಿಸದೆ ಊದುವ ಪರೀಕ್ಷೆ, ಆರು ನಿಮಿಷದ ನಡಿಗೆ ಎರಡನ್ನೂ ಸೇರಿಸಬೇಕೆಂದು ನಾವು ಒತ್ತಾಯ ಮಾಡಬೇಕು. ಕೂಲಿ ಮಾತುಕತೆಯ ಮೇಜಿನ ಮೇಲೆ ಈ ಸಲ ಮೂರು ಬೇಡಿಕೆ ಇಡೋಣ: ಹಗುರ ಕೆಲಸಗಳ ಪಟ್ಟಿ, ಡಾಕ್ಟರರ ಚೀಟಿ ಇರುವವರಿಗೆ ಕೂಲಿ ಕಡಿತವಿಲ್ಲದೆ ಆ ಕೆಲಸ, ಲೈನ್ ಮನೆಗಳಿಗೆ ಹೊಗೆಗಂಡಿ.

ಸರ್ಕಾರಕ್ಕೆ: "ಮಕ್ಕಳೈ ತೇಡಿ ಮರುತ್ತುವಂ", ಅಂದರೆ ಜನರನ್ನು ಹುಡುಕಿಕೊಂಡು ಬರುವ ವೈದ್ಯ, ಎಂಬ ತಮಿಳುನಾಡಿನ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಹಳೆಯ ಧರ್ಮಪುರಿ ಸೀಮೆಯಲ್ಲೇ, ಈಗಿನ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರಿಗೆ ಮನೆ ಬಾಗಿಲಿಗೆ ಮಾತ್ರೆ, ಬೇಕಾದವರಿಗೆ ಮನೆಯಲ್ಲೇ ವ್ಯಾಯಾಮ ಚಿಕಿತ್ಸೆ ಕೊಡುವ ಯೋಜನೆ ಇದು. ದಮ್ಮಿನವರಿಗೂ ಅದೇ ವ್ಯಾಯಾಮ ಶಿಕ್ಷಣ, ಎಳೆಯುವ ಔಷಧ ಬೆಟ್ಟದ ಲೈನುಗಳಿಗೆ ತಪ್ಪದೆ ಬರಲಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಏದುಸಿರಿನ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಕೇಳಬೇಕೆಂದೂ ಹೇಳೋಣ. ಭಾಷೆ ತಿಳಿಯದೆ "ಆಂ, ಆಂ" ಎಂದ ಉತ್ತರದಿಂದ ಯಾವ ಅಂದಾಜೂ ಸರಿಯಾಗದು.

ಸಭೆಗೆ: ಪಾರ್ಶ್ವವಾಯುವಿನವನನ್ನು ನಾಲ್ಕು ಜನ ಹೊತ್ತು ತಂದು, ಬಾಗಿಲಲ್ಲಿ ದಾರಿ ಇಲ್ಲದಾಗ ಮೇಲ್ಛಾವಣಿ ತೆಗೆದು ಯೇಸುಸ್ವಾಮಿಯ ಮುಂದೆ ಇಳಿಸಿದರು. ಆದರೆ ಅವನು ಮನೆಗೆ ಹೋಗುವಾಗ ಹಾಸಿಗೆಯನ್ನು ತಾನೇ ಹೊತ್ತುಕೊಂಡು ನಡೆದನು. ಹೊರಬೇಕಾದಾಗ ಹೊರುವುದು, ನಡೆಯಬಲ್ಲಾಗ ನಡೆಯಲು ಬಿಡುವುದು, ಎರಡೂ ಪ್ರೀತಿಯೇ. ಭಾನುವಾರ ಪೂಜೆಯ ನಂತರ ಗುಡಿಯ ಅಂಗಳದಲ್ಲಿ ದಮ್ಮಿನವರು ಕಾಲು ಗಂಟೆ ಜೊತೆಯಾಗಿ ನಡೆಯಲಿ. ನರ್ಸಿಂಗ್ ಕಲಿತ ನಮ್ಮ ಹುಡುಗಿಯರು ಪಕ್ಕದಲ್ಲಿರಲಿ. ದೂರದ ಲೈನುಗಳಿಂದ ಬರಲಾಗದವರನ್ನು ಯುವಕರು ವಾರಕ್ಕೊಮ್ಮೆ ಹೋಗಿ ನೋಡಲಿ.

ದ್ರಾಕ್ಷಿ ತೋಟದ ಯಜಮಾನನ ಸಾಮತಿಯಲ್ಲಿ ಸಂಜೆಯವರೆಗೆ ಸುಮ್ಮನೆ ನಿಂತಿದ್ದವರನ್ನು ಆತನು ಸೋಮಾರಿಗಳೆಂದು ಬಯ್ಯಲಿಲ್ಲ. ಏಕೆ ನಿಂತಿದ್ದೀರೆಂದು ಕೇಳಿದನು. ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಅವರು ಹೇಳಿದರು. ಆತನು ಆಗುವಷ್ಟು ಹೊತ್ತಿನ ಕೆಲಸ ಕೊಟ್ಟು, ಹೊಟ್ಟೆಗೆ ಸಾಲುವ ಪೂರಾ ಕೂಲಿ ಕೊಟ್ಟನು. ನಮ್ಮ ಲೈನುಗಳಲ್ಲಿ ಮೂಲೆ ಹಿಡಿದು ಕುಳಿತ ಎಷ್ಟೋ ಮಂದಿಯೂ ಯಾರೂ ಕರೆಯದೆ ಕುಳಿತವರೇ. ಇನ್ನು ಎಷ್ಟೋ ಮಂದಿ ನಿಲ್ಲಲು ಯಾರೂ ಬಿಡದೆ ನಡೆಯುತ್ತಿರುವವರು. ಮೊದಲನೆಯವರನ್ನು ಕರೆಯೋಣ, ಎರಡನೆಯವರಿಗಾಗಿ ತೋಟದವರನ್ನು ಕೇಳೋಣ. ಮುಂದಿನ ತಿಂಗಳ ಸಂಘದ ಕೂಟಕ್ಕೆ ಬರುವಾಗ ನಿಮ್ಮ ನಿಮ್ಮ ಲೈನಿನಲ್ಲಿ ದಮ್ಮಿನವರು ಎಷ್ಟು ಮಂದಿ, ಯಾರು ಊದುವ ಪರೀಕ್ಷೆ ಮಾಡಿಸಿಕೊಂಡಿದ್ದಾರೆ, ಯಾರು ಮಾಡಿಸಿಕೊಂಡಿಲ್ಲ, ಯಾರು ಯಾವ ಕೆಲಸದಲ್ಲಿದ್ದಾರೆ ಎಂದು ಬರೆದು ತನ್ನಿ. ಬೇಡಿಕೆಯ ಕಾಗದವನ್ನು ಆ ಪಟ್ಟಿಯಿಂದಲೇ ಆರಂಭಿಸೋಣ.

ಕ್ರಿಸ್ತನಲ್ಲಿ ನಿಮ್ಮ ಸಹೋದರ,
ಒಬ್ಬ ಉಪದೇಶಿ